ಎಂಜಿನ್ ನಿಂತ ಮೇಲೆ



ಮಾಗಿಯ ಒಂದು ಬೆಳಗಿನ ಜಾವದಲ್ಲಿ, ಸೂರ್ಯನಿನ್ನೂ ಸಹ್ಯಾದ್ರಿಯ ಬೆನ್ನಿನಿಂದ ಮೇಲೇಳದೆ, ನೀರೂ ಆಕಾಶವೂ ಒಂದೇ ಬೂದುಬಣ್ಣದಲ್ಲಿ ಬೆರೆತು ಎಲ್ಲಿ ಇದು ಮುಗಿಯಿತು ಎಲ್ಲಿ ಅದು ಮೊದಲಾಯಿತು ಎಂದು ತಿಳಿಯದಂತಿದ್ದ ಹೊತ್ತಿನಲ್ಲಿ, ಕಾರವಾರದ ಕೋಡಿಬಾಗದ ದಡದಿಂದ ನಾವು ಆರು ಮಂದಿ ಸ್ನೇಹಿತರು ಒಂದು ಸಣ್ಣ ದೋಣಿಯನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು, ಕಾಳಿ ನದಿಯು ಕಡಲನ್ನು ಕೂಡುವೆಡೆಯಲ್ಲಿ ವಾಸಿಸುವ ಜೀವಿಗಳನ್ನು ಕಾಣಲೆಂದು ಹೊರಟೆವು. ಪ್ರಯಾಣವೇನೂ ದೂರದ್ದಲ್ಲ. ನಾವು ಹೋದ ಕೂರ್ಮಗಡ ದ್ವೀಪವು ದಡದಿಂದಲೇ ಕಣ್ಣಿಗೆ ಕಾಣುವಂಥದು; ಹೋಗಿ ಬರಲು ಮೂರು ತಾಸು ಹಿಡಿದಿರಬಹುದು. ಆದರೂ ಅಂದು ಕಂಡುದನ್ನೂ, ಅದಕ್ಕಿಂತ ಹೆಚ್ಚಾಗಿ ಅಂದು ಕೇಳಿದುದನ್ನೂ ತಮ್ಮ ಮುಂದೆ ಹೇಳಿಕೊಳ್ಳಬೇಕೆಂಬ ಆಸೆಯಿಂದ ಬಂದಿದ್ದೇನೆ. ಬಾನುಲಿಯು ಕಿವಿಗೆ ಒದಗುವ ಸಾಧನ. ನಾನು ಹೇಳಲಿರುವ ವಿಷಯದ ತಿರುಳೂ ಕಿವಿಗೇ ಸೇರಿದುದಾದುದರಿಂದ ಈ ಸ್ಥಾನವೇ ಅದಕ್ಕೆ ಉಚಿತವೆಂದು ತೋರಿತು.

ಕಾಳಿಯ ಮುಖವನ್ನು ನೋಡದವರಿಗಾಗಿ ಎರಡು ಮಾತು. ಡಿಗ್ಗಿಯ ಕಾಡಿನಲ್ಲಿ ಹುಟ್ಟಿ, ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂಬ ನಾಲ್ಕು ಕಟ್ಟೆಗಳಲ್ಲಿ ತಡೆದು ನಿಂತು, ಸುಮಾರು 184 ಕಿಲೋಮೀಟರ್ ಹರಿದು ಬಂದ ಆ ನದಿಯು ಕಾರವಾರದ ಬಳಿ ಒಮ್ಮೆಗೇ ಅಗಲವಾಗುತ್ತದೆ. ದಕ್ಷಿಣಕ್ಕೆ ಕೋಡಿಬಾಗ, ಉತ್ತರಕ್ಕೆ ಸದಾಶಿವಗಡದ ಕೋಟೆಯ ಗುಡ್ಡ, ಅದರಾಚೆ ಗಾಳಿಮರಗಳ ಸಾಲಿನ ದೇವಬಾಗ. ಮುಂದೆ ಕಡಲಿನಲ್ಲಿ ಕೂರ್ಮಗಡ, ದೀಪಸ್ತಂಭವಿರುವ ದೇವಗಡ, ನೌಕಾಪಡೆಯ ವಶದಲ್ಲಿರುವ ಅಂಜದೀವ ಮೊದಲಾದ ದ್ವೀಪಗಳು. 2024ರ ಆಗಸ್ಟ್ ತಿಂಗಳ ಒಂದು ನಡುರಾತ್ರಿ ಇಲ್ಲಿಯ ಹಳೆಯ ಸೇತುವೆ ಕುಸಿದು ಬಿದ್ದಾಗ ಈ ಊರಿನ ಹೆಸರು ನಾಡಿಗೆಲ್ಲ ಕೇಳಿಸಿತು. ಆದರೆ ಅದಕ್ಕೂ ಬಹು ಹಿಂದೆ, 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ತಂಗಿದ್ದರು. ‘ಪ್ರಕೃತಿಯ ಪ್ರತೀಕಾರ’ವೆಂದು ಕನ್ನಡದಲ್ಲಿ ಹೇಳಬಹುದಾದ ತಮ್ಮ ನಾಟಕವನ್ನು ಅವರು ಬರೆದುದು ಇಲ್ಲಿಯೇ. ಒಂದು ಬೆಳದಿಂಗಳಿನ ಇರುಳು ಸಣ್ಣ ದೋಣಿಯೊಂದರಲ್ಲಿ ಇದೇ ನದಿಯ ಮೇಲೆ ಹೋಗಿ, ಕೋಟೆಯ ಗುಡ್ಡದಲ್ಲಿಳಿದು, ಹಿಂದಿರುಗುವಾಗ ದೋಣಿಯನ್ನು ಹೊಳೆಯ ಸೆಳೆತಕ್ಕೇ ಬಿಟ್ಟು ತೇಲಿ ಬಂದುದನ್ನು ಅವರು ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಸಣ್ಣ ದೋಣಿ, ಕೆಲವೇ ಜನ, ನೀರಿನ ಇಷ್ಟದಂತೆ ಸಾಗುವುದು: ಕಾಳಿಯನ್ನು ಕಾಣುವ ಈ ಪದ್ಧತಿಗೆ ಇಷ್ಟು ಒಳ್ಳೆಯ ಪೂರ್ವಜರಿರುವುದು ನನಗೆ ಸಂತೋಷದ ಸಂಗತಿ.

ದೋಣಿಯನ್ನು ಗೊತ್ತುಮಾಡುವಾಗ ಹೊರಗಿನಿಂದ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ತಲೆಗೆ ಎಷ್ಟು ಬೀಳುತ್ತದೆ? ಡಾಲ್ಫಿನ್ ಖಂಡಿತವಾಗಿ ಕಾಣಿಸುತ್ತದೆಯೇ? ಮೊದಲನೆಯ ಪ್ರಶ್ನೆಯ ದೆಸೆಯಿಂದ ದೋಣಿಯಲ್ಲಿ ಜನ ಹೆಚ್ಚುತ್ತಾರೆ, ಏಕೆಂದರೆ ತಲೆ ಹೆಚ್ಚಿದಷ್ಟೂ ಪಾಲು ಕಡಮೆಯಾಗುತ್ತದೆ. ಎರಡನೆಯದರ ದೆಸೆಯಿಂದ ದೋಣಿಯ ವೇಗ ಹೆಚ್ಚುತ್ತದೆ, ಏಕೆಂದರೆ ಖಂಡಿತವೆಂದು ಮಾತು ಕೊಟ್ಟವನು ಹೇಗಾದರೂ ಮಾಡಿ ಹುಡುಕಿ ತೋರಿಸಲೇಬೇಕಾಗುತ್ತದೆ. ಈ ಎರಡನ್ನೂ ಕೇಳಬಾರದೆಂದು ನಾನು ಹೇಳಲಾರೆ. ಹಣವೆಂಬುದು ಎಲ್ಲರಿಗೂ ಹಣವೇ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದ ಮಾತೊಂದಿದೆ: ಎಲ್ಲರಿಗೂ ಜೀವರಕ್ಷಕ ಅಂಗಿ ಉಂಟೇ, ದೋಣಿಗೆ ಎಷ್ಟು ಜನ ಹಿಡಿಸುತ್ತದೆ? 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಹೋಗಿ ಮರಳುತ್ತಿದ್ದವರ ದೋಣಿಯೊಂದು ಇದೇ ನೀರಿನಲ್ಲಿ ಮಗುಚಿ 16 ಜೀವಗಳು ಹೋದುವು. ಸತ್ತವರಲ್ಲಿ ಮಕ್ಕಳೂ ಇದ್ದರು. ಕಾರವಾರದಲ್ಲಿ ದೋಣಿ ಹತ್ತುವಾಗ ಆ ದಿನವನ್ನು ನೆನೆಯದೆ ನಾನು ಕಾಲಿಡುವುದಿಲ್ಲ. ನಮ್ಮ ದೋಣಿಯ ತಾಂಡೇಲರೂ ಹಾಗೆಯೇ. ನಮ್ಮಲ್ಲಿ ಒಬ್ಬರು ಅಂಗಿಯ ಪಟ್ಟಿಯನ್ನು ಕಟ್ಟಿಕೊಳ್ಳದೆ ಹೆಗಲ ಮೇಲೆ ಹಾಕಿಕೊಂಡುದನ್ನು ಕಂಡು, ಏನೊಂದೂ ಮಾತಾಡದೆ ಎದ್ದು ಬಂದು, ಮೂರು ಕೊಂಡಿಗಳನ್ನೂ ತಾವೇ ಹಾಕಿ, ಒಮ್ಮೆ ಎಳೆದು ನೋಡಿ, ಮತ್ತೆ ಹಿಂದಕ್ಕೆ ಹೋಗಿ ಎಂಜಿನ್ನಿನ ಬಳಿ ಕುಳಿತರು.

ತಾಂಡೇಲನೆಂದರೆ ದೋಣಿಯ ಯಜಮಾನ, ದೋಣಿಯನ್ನು ನಡೆಸುವ ಹಿರಿಯ. ನಮ್ಮ ತಾಂಡೇಲರಿಗೆ ಅರವತ್ತು ದಾಟಿತ್ತು. ಬಲೆಯ ನೂಲನ್ನು ಎಳೆದೆಳೆದು ಬೆರಳುಗಳ ಒಳಮಗ್ಗುಲಲ್ಲಿ ಗೆರೆ ಗೆರೆಯಾಗಿ ಗುಳಿ ಬಿದ್ದಿದ್ದುವು. ಜೊತೆಗೆ ಹದಿನೆಂಟರ ಮೊಮ್ಮಗ. ತಳದಲ್ಲಿ ಸೇರಿದ ನೀರನ್ನು ಕತ್ತರಿಸಿದ ಎಣ್ಣೆಯ ಡಬ್ಬಿಯಿಂದ ಮೊಗೆದು ಚೆಲ್ಲುವುದು ಅವನ ಕೆಲಸ. ದೋಣಿಯನ್ನು ಇಡಿಯಾಗಿ ಬಾಡಿಗೆಗೆ ಹಿಡಿದಾಗ ನಮಗೆ ದೊರೆಯುವುದು ಮರದ ಹಲಗೆ, ಫೈಬರಿನ ಮೈ, ಇಂಧನ ಇಷ್ಟೇ ಎಂದು ಬಗೆದವರು ಅರ್ಧವನ್ನೂ ಪಡೆಯದೆ ಮರಳುತ್ತಾರೆ. ನಾಲ್ವತ್ತೈದು ವರ್ಷ ಈ ನೀರನ್ನು ನೋಡಿದ ಎರಡು ಕಣ್ಣುಗಳು ಆ ಮೂರು ತಾಸು ನಮ್ಮ ಜೊತೆಗಿರುತ್ತವೆ. ಅವು ಯಾವ ಕಡೆ ತಿರುಗುತ್ತವೆಯೋ ಆ ಕಡೆ ನಮ್ಮ ಕಣ್ಣನ್ನೂ ತಿರುಗಿಸುವ ವಿನಯವಿದ್ದರೆ ಸಾಕು.

ಈ ವಿನಯವು ನನಗೆ ಮೊದಲಿನಿಂದ ಇತ್ತೆಂದು ಹೇಳಿಕೊಳ್ಳಲಾರೆ. ಕೆಲವು ವರ್ಷಗಳ ಹಿಂದೆ ಮೊದಲ ಸಲ ಇಲ್ಲಿಗೆ ಬಂದಾಗ ನಾವು ನಾಲ್ಕು ಕುಟುಂಬದವರು ಸೇರಿ ದೊಡ್ಡದೊಂದು ದೋಣಿಯಲ್ಲಿ ಹೋಗಿದ್ದೆವು. ನದಿಯ ಬಾಯಿಯನ್ನು ದಾಟಿದ ಕೂಡಲೆ ಯಾರೋ “ಅಲ್ಲಿ! ಅಲ್ಲಿ!” ಎಂದು ಕೂಗಿದರು, ನಾವೆಲ್ಲ ಒಂದೇ ಮಗ್ಗುಲಿಗೆ ಎದ್ದು ನಿಂತೆವು, ದೋಣಿ ವಾಲಿತು. ಬೂದುಬಣ್ಣದ ಬೆನ್ನೊಂದು ಕಂಡು ಮರೆಯಾಯಿತು. “ಬೇಗ ಬಿಡಿ, ಹತ್ತಿರ ಬಿಡಿ” ಎಂದು ಹೇಳಿದವರಲ್ಲಿ ನಾನೂ ಒಬ್ಬ. ಹಣ ಕೊಟ್ಟವರ ಮಾತನ್ನು ದೋಣಿಯವನು ಹೇಗೆ ಮೀರಿಯಾನು? ಎಂಜಿನ್ನು ಗರ್ಜಿಸಿತು. ಆ ಪ್ರಾಣಿಗಳು ಮುಳುಗಿ ದೂರದಲ್ಲಿ ಎದ್ದವು. ನಾವು ಅಲ್ಲಿಗೆ ನುಗ್ಗಿದೆವು. ಅವು ಇನ್ನೂ ಹೆಚ್ಚು ಹೊತ್ತು ಮುಳುಗಿ ಇನ್ನೂ ದೂರದಲ್ಲಿ ಎದ್ದವು. ಹೀಗೆ ನಾಲ್ಕಾರು ಬಾರಿ ನಡೆದ ಮೇಲೆ ದೋಣಿಯ ಬಲಗಡೆಯಲ್ಲಿ ದೊಡ್ಡದೊಂದು ಬೆನ್ನು ಎದ್ದಿತು, ಅದೇ ಕ್ಷಣ ಎಡಗಡೆಯಲ್ಲಿ, ನಮಗೆ ಬಹಳ ಹತ್ತಿರದಲ್ಲಿ, ತೆಳುಬಣ್ಣದ ಮರಿಯೊಂದು ಒಂಟಿಯಾಗಿ ತಲೆಯೆತ್ತಿ ಅವಸರದ ಉಸಿರೆಳೆದುಕೊಂಡಿತು. ತಾಯಿಗೂ ಮರಿಗೂ ನಡುವೆ ನಮ್ಮ ದೋಣಿ ಇತ್ತು. ಅದನ್ನು ಕಂಡೊಡನೆ ನನ್ನ ಬಾಯಿ ಕಟ್ಟಿತು. ಅವೆರಡೂ ಮತ್ತೆ ಕೂಡಿದುವೋ ಇಲ್ಲವೋ ನಾವು ನೋಡಲಿಲ್ಲ. ಆಮೇಲೆ ಅವು ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಅಂದು ತೆಗೆದ ಚಿತ್ರಗಳಲ್ಲೆಲ್ಲ ಬರಿಯ ನೀರಿದೆ. ಆ ಪಾಪದಲ್ಲಿ ನನ್ನ ಪಾಲೆಷ್ಟೆಂಬುದು ನನಗೆ ಗೊತ್ತು. ಮುಂದೆ ಈ ಪ್ರಾಣಿಯ ವಿಷಯವಾಗಿ ದೊರೆತುದನ್ನೆಲ್ಲ ಓದತೊಡಗಿದುದಕ್ಕೆ ಅದೇ ಕಾರಣ.

ಕಾಳಿಯ ಮುಖದಲ್ಲಿರುವುದು ಗೂನುಬೆನ್ನಿನ ಡಾಲ್ಫಿನ್. ದೂರದರ್ಶನದಲ್ಲಿ ಬಳೆಯೊಳಗಿಂದ ಹಾರಿ ಚೆಂಡನ್ನು ಮೂಗಿನ ಮೇಲೆ ನಿಲ್ಲಿಸುವ ಡಾಲ್ಫಿನ್ ಬೇರೆ ಜಾತಿಯದು; ಅಂಥ ಆಟಕ್ಕಾಗಿ ಅವನ್ನು ಕೊಳಗಳಲ್ಲಿ ಸೆರೆಯಿಡುವುದಕ್ಕೆ ನಮ್ಮ ಕೇಂದ್ರ ಸರಕಾರವು 2013ರಲ್ಲಿಯೇ ತಡೆ ಹಾಕಿದುದು ಒಳ್ಳೆಯದಾಯಿತು. ನಮ್ಮ ತೀರದ ಈ ಪ್ರಾಣಿಯು ಸಂಕೋಚದ ಸ್ವಭಾವದ್ದು. ದೋಣಿಯ ಮೂತಿಯ ಮುಂದೆ ಕುಣಿಯುತ್ತ ಬರುವುದು ಇದರ ಜಾಯಮಾನವಲ್ಲ. 1829ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯುವಿಯೇ ಎಂಬುವರು ಮಲಬಾರ ತೀರದಿಂದ ಹೋದ ಮಾದರಿಯನ್ನು ನೋಡಿ ಇದಕ್ಕೆ ಸೀಸದ ಬಣ್ಣದ್ದು ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟರು. ಹೆಸರಿಟ್ಟವರ ಕಣ್ಣು ಸರಿಯಾದುದೇ: ಮೋಡ ಕವಿದ ದಿನ ಮೀನುಗಾರರ ಬಲೆಯ ಅಂಚಿಗೆ ಕಟ್ಟಿದ ಸೀಸದ ಗುಂಡುಗಳಿಗೂ ಇದರ ಬೆನ್ನಿಗೂ ಬಣ್ಣದಲ್ಲಿ ಭೇದವಿಲ್ಲ. ಪೂರ್ಣ ಬೆಳೆದುದು ಎರಡೂವರೆ ಮೀಟರಿಗೂ ಮೀರಿ ಉದ್ದವಾಗುತ್ತದೆ. ಬೆನ್ನಿನ ನಡುವೆ ಉದ್ದನೆಯ ದಿಣ್ಣೆ, ಆ ದಿಣ್ಣೆಯ ಮೇಲೆ ಪುಟ್ಟದೊಂದು ರೆಕ್ಕೆ. ಆಳ ಕಡಲಿಗೆ ಇದು ಹೋಗುವುದಿಲ್ಲ. ದಡಕ್ಕೆ ಸಮೀಪದ ಇಪ್ಪತ್ತು ಮೂವತ್ತು ಮೀಟರ್ ಆಳದ ನೀರೇ ಇದರ ಸೀಮೆ. ನದೀಮುಖಗಳೆಂದರೆ ಇದಕ್ಕೆ ಬಲು ಪ್ರೀತಿ, ಏಕೆಂದರೆ ಅಲ್ಲಿ ಸಿಹಿನೀರೂ ಉಪ್ಪುನೀರೂ ಕೂಡಿ ಮೀನು ಹೇರಳವಾಗಿರುತ್ತದೆ. ಆದರೆ ಬಲೆಗಳೂ, ಬಂದರುಗಳೂ, ಊರುಗಳ ಕೊಳೆಯೂ, ನಮ್ಮಂಥವರ ದೋಣಿಗಳೂ ಇರುವುದು ಆ ಕಿರಿದಾದ ಪಟ್ಟಿಯಲ್ಲಿಯೇ. ಆನೆಗಾದರೆ ಊರಿನಿಂದ ಹಿಂದೆ ಸರಿಯಲು ಒಂದಿಷ್ಟು ಕಾಡಾದರೂ ಉಂಟು. ಇದಕ್ಕೆ ಹಿಂದೆ ಸರಿಯಲು ಕಡಲೇ ಇದ್ದರೂ ಅದು ಇದರ ಕಡಲಲ್ಲ. ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿಗೆ ಕೊಟ್ಟ ಮೊದಲ ಅನುಸೂಚಿಯ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದೆ.

ಇದರ ಬದುಕಿನ ಒಂದು ಅಂಶವನ್ನು ಮಾತ್ರ ನಾನು ವಿಸ್ತಾರವಾಗಿ ಹೇಳಬೇಕು. ನದಿಯ ಮಣ್ಣು ಬೆರೆತ ಈ ನೀರಿನಲ್ಲಿ ಮೊಳದುದ್ದದಾಚೆಗೆ ಕಣ್ಣು ಸಾಗುವುದಿಲ್ಲ. ಆದುದರಿಂದ ಈ ಪ್ರಾಣಿಯು ಕಿವಿಯಿಂದ ನೋಡುತ್ತದೆ. ನಾಸಿಕದ ಒಳದಾರಿಯಲ್ಲಿ ಅತಿ ಸೂಕ್ಷ್ಮವಾದ ಟಿಕ್ ಟಿಕ್ ಎಂಬ ಸದ್ದುಗಳನ್ನು ಹುಟ್ಟಿಸಿ, ಹಣೆಯೊಳಗಿನ ಕೊಬ್ಬಿನ ಗೆಡ್ಡೆಯ ಮೂಲಕ ಅವನ್ನು ಮುಂದಕ್ಕೆ ಒಂದು ಮೊನೆಯಾಗಿ ಕಳುಹಿಸುತ್ತದೆ. ಮೀನಿಗೋ ಬಂಡೆಗೋ ಬಲೆಗೋ ತಾಗಿ ಮರಳಿದ ದನಿಯನ್ನು ಕೆಳದವಡೆಯ ಮೂಲಕ ಒಳಕಿವಿಗೆ ತಂದುಕೊಳ್ಳುತ್ತದೆ. ಆ ಪ್ರತಿಧ್ವನಿಯಿಂದ ವಸ್ತುವಿನ ದೂರ, ಗಾತ್ರ, ಆಕಾರಗಳನ್ನು ಅರಿಯುತ್ತದೆ. ತಾಯಿಯೂ ಮರಿಯೂ ಪರಸ್ಪರ ಗುರುತು ಹಿಡಿಯುವುದೂ ಸಿಳ್ಳಿನಂಥ ದನಿಗಳಿಂದಲೇ. ಇಂಥ ಮನೆಯೊಳಗೆ ನಾವು ಎಂಜಿನ್ನನ್ನು ಅಬ್ಬರಿಸುತ್ತ ನುಗ್ಗಿದೆವೆಂದರೆ ಅದರ ಅರ್ಥವೇನು? ಗಾಳಿಯಲ್ಲಿ ಸಾಗುವುದಕ್ಕಿಂತ ನೀರಿನಲ್ಲಿ ಸದ್ದು ನಾಲ್ಕು ಪಟ್ಟಿಗೂ ಹೆಚ್ಚು ವೇಗದಿಂದ ಸಾಗುತ್ತದೆ, ಬಹುದೂರ ಮುಟ್ಟುತ್ತದೆ. ರಾತ್ರಿ ಕಂದೀಲಿನ ಬೆಳಕಿನಲ್ಲಿ ಮಗುವನ್ನು ಅರಸುತ್ತಿರುವ ತಾಯಿಯ ಕೈಯಿಂದ ಕಂದೀಲನ್ನು ಕಿತ್ತುಕೊಂಡಂತೆಯೇ ಸರಿ. ಇದನ್ನು ಓದಿ ತಿಳಿದ ದಿನ ಎಡಗಡೆಯಲ್ಲಿ ಒಂಟಿಯಾಗಿ ಎದ್ದ ಆ ಮರಿಯ ನೆನಪು ಮತ್ತೆ ಬಂದು, ಬಹಳ ಹೊತ್ತು ಬೇರೇನನ್ನೂ ಓದಲಾಗಲಿಲ್ಲ.

ಈ ಸಲ ಹೊರಡುವ ಮುಂಚೆಯೇ ತಾಂಡೇಲರಿಗೆ ಹೇಳಿದೆ: “ತಾಂಡೇಲರೇ, ಕಂಡರೆ ಕಾಣಲಿ, ಕಾಣದಿದ್ದರೆ ಬಾಡಿಗೆಯನ್ನು ಪೂರಾ ಕೊಟ್ಟು ಹೋಗುತ್ತೇವೆ. ಬೆನ್ನಟ್ಟುವುದು ಬೇಡ.” ಅವರು ನನ್ನ ಮುಖವನ್ನು ಒಮ್ಮೆ ನೋಡಿ, “ಹಾಗಾದ್ರೆ ಕಾಣ್ತದೆ ಮಾಸ್ತರೇ” ಎಂದಷ್ಟೇ ಹೇಳಿದರು. ಬೆಳಗಿನ ಆರೂವರೆಯ ಹೊತ್ತು. ರಾತ್ರಿಯೆಲ್ಲ ನೆಲವು ಕಡಲಿಗಿಂತ ಬೇಗ ತಣಿದು, ನೆಲದ ಗಾಳಿಯು ಮೆಲ್ಲನೆ ಕಡಲಿನ ಕಡೆ ಬೀಸುತ್ತಿದ್ದುದರಿಂದ ನೀರು ಎಣ್ಣೆ ಹೊಯ್ದಂತೆ ನುಣ್ಣಗಿತ್ತು. ಹನ್ನೊಂದು ಗಂಟೆಯ ಸುಮಾರಿಗೆ ಬಿಸಿಲೇರಿದಂತೆ ಈ ಗಾಳಿ ತಿರುಗಿ ಕಡಲಿನಿಂದ ಬರತೊಡಗಿತೆಂದರೆ ಅಲೆಯ ತುದಿಗಳೆಲ್ಲ ಬೆಳ್ಳಗೆ ಒಡೆದು, ಬೆನ್ನಾವುದು ಅಲೆಯಾವುದು ಎಂಬ ಭೇದವೇ ತಿಳಿಯದು. ಅದಕ್ಕಾಗಿಯೇ ಬೆಳಗು ಶ್ರೇಷ್ಠ. ನದಿಯ ಬಾಯಿಯಲ್ಲಿ ಸಿಹಿನೀರೂ ಉಪ್ಪುನೀರೂ ಸೇರುವೆಡೆ ನೊರೆಯ ಒಂದು ಗೆರೆ ಹಾವಿನಂತೆ ಡೊಂಕುಡೊಂಕಾಗಿ ಹರಿದಿತ್ತು. ತಾಂಡೇಲರು ಆ ಗೆರೆಯಿಂದ ನೂರು ಮಾರು ದೂರದಲ್ಲಿ ಎಂಜಿನ್ನನ್ನು ನಿಲ್ಲಿಸಿದರು. “ಭರತಿ ಈಗ ಏರ್ತಾ ಉಂಟು. ಶೆವಟೆ ಮೀನು ಒಳಗೆ ಹೋಗ್ತದೆ. ಅದ್ರ ಹಿಂದೆ ಇವು ಬರ್ತಾವೆ. ಸುಮ್ನೆ ಕೂತ್ಕೊಳ್ಳಿ.”

ಎಂಜಿನ್ ನಿಂತ ಮೇಲೆ ಮೊದಲ ಕೆಲವು ನಿಮಿಷಗಳು ಬಹಳ ಕಷ್ಟದವು. ನಮ್ಮ ಕಿವಿಗಳಲ್ಲಿ ಅದರ ಸದ್ದು ಇನ್ನೂ ಮೊರೆಯುತ್ತಲೇ ಇತ್ತು. ಏನನ್ನಾದರೂ ಮಾತಾಡಬೇಕೆಂಬ ಚಪಲ. ಕೈ ತಾನಾಗಿ ಫೋನಿನ ಕಡೆಗೆ ಹೋಗುತ್ತಿತ್ತು. ಆಮೇಲೆ ಒಂದೊಂದಾಗಿ ಸದ್ದುಗಳು ಕೇಳಿಸತೊಡಗಿದುವು. ದೋಣಿಯ ತಳಕ್ಕೆ ನೀರು ತಟ್ಟುವ ಸದ್ದು. ಮೊಮ್ಮಗನ ಡಬ್ಬಿಯಿಂದ ತೊಟ್ಟಿಕ್ಕುವ ಹನಿ. ದೂರದ ದೇವಬಾಗದಲ್ಲಿ ಗಾಳಿಮರಗಳ ಸುಯ್ಯಲು. ಲಡಾಖ್, ಟಿಬೆಟ್ಟುಗಳ ಸರೋವರಗಳಲ್ಲಿ ಹುಟ್ಟಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಇಳಿದುಬರುವ ಕಂದುತಲೆಯ ಕಡಲಕ್ಕಿಗಳು ನೀರಿನ ಮೇಲೆ ಸಾಲಾಗಿ ಕುಳಿತು ಒಂದಕ್ಕೊಂದು ಗೊಣಗಿಕೊಳ್ಳುವುದು. ರೀವ ಹಕ್ಕಿಗಳೆರಡು ತಲೆಕೆಳಗಾಗಿ ನೀರಿಗೆ ಬಿದ್ದು ಏಳುವ ಚಿಟ್ಟೆನ್ನುವ ಸದ್ದು. ಇಷ್ಟೆಲ್ಲ ಇದ್ದ ಲೋಕವನ್ನು ನಾವು ಅಷ್ಟು ಹೊತ್ತೂ ಮುಚ್ಚಿಹಾಕಿಕೊಂಡು ಬಂದಿದ್ದೆವು.

ಅದು ಬಂದುದು ನಮ್ಮ ಬೆನ್ನ ಹಿಂದಿನಿಂದ. ಯಾರೂ ಮೊದಲು ನೋಡಲಿಲ್ಲ, ಎಲ್ಲರೂ ಕೇಳಿದೆವು. ಮಲಗಿದ ಹಸುವು ಇರುಳಿನಲ್ಲಿ ಒಮ್ಮೆಲೇ ನಿಟ್ಟುಸಿರು ಬಿಟ್ಟಂತೆ, ಆದರೆ ಅದಕ್ಕಿಂತ ಚುರುಕಾಗಿ, ಒದ್ದೆಯಾಗಿ, “ಫುಸ್” ಎಂಬ ಒಂದು ಉಸಿರು. ಕುತ್ತಿಗೆ ತಿರುಗಿಸುವಷ್ಟರಲ್ಲಿ ಅಲ್ಲಿ ತುಂತುರಿನ ತೆಳುವಾದ ಮಂಜು ಮಾತ್ರ ನಿಂತಿತ್ತು. ತಾಂಡೇಲರು ತುಟಿಯ ಮೇಲೆ ಬೆರಳಿಟ್ಟರು. ಮತ್ತೊಂದು ಉಸಿರು, ಈ ಬಾರಿ ಎಡಕ್ಕೆ, ಹದಿನೈದು ಮಾರಿನ ಆಚೆ. ಮೊದಲು ನೀಳವಾದ ಮೂತಿಯು ನೀರನ್ನು ಸೀಳಿಕೊಂಡು ಓರೆಯಾಗಿ ಮೇಲೆ ಬಂದಿತು. ಅದರ ಹಿಂದೆ ನುಣುಪಾದ ಹಣೆ. ಹಣೆಯ ನೆತ್ತಿಯಲ್ಲಿ ಅರ್ಧಚಂದ್ರಾಕಾರದ ರಂಧ್ರವು ತೆರೆದು ಉಸಿರು ಚಿಮ್ಮಿ, ಅದೇ ಗಳಿಗೆಯಲ್ಲಿ ಒಳಗೆಳೆದುಕೊಂಡು, ಬಾಗಿಲು ಹಾಕಿದಂತೆ ಮುಚ್ಚಿತು. ಆಮೇಲೆ ಬೆನ್ನು ಬಿಲ್ಲಿನಂತೆ ಬಾಗಿ, ಗೂನು ಮೇಲೆದ್ದು, ಅದರ ಮೇಲಣ ರೆಕ್ಕೆಯ ಹಿಂಬದಿಯಲ್ಲಿ ಯಾವುದೋ ಕಾಲದ ಹರಕು, ಬಹುಶಃ ಬಲೆಯ ನೂಲು ಕೊರೆದ ಗುರುತು, ಸ್ಪಷ್ಟವಾಗಿ ಕಾಣಿಸಿತು. ನಮ್ಮ ಬೆನ್ನ ಹಿಂದಿನ ಗುಡ್ಡದಿಂದ ಆಗತಾನೆ ಎದ್ದ ಸೂರ್ಯನ ಬೆಳಕು ಆ ಒದ್ದೆ ಸೀಸದ ಮೇಲೆ ಒಂದು ಕ್ಷಣ ತಾಮ್ರದ ಬಣ್ಣವನ್ನು ಹಚ್ಚಿತು. ಗಾಳಿಯಲ್ಲಿ ಮೀನಿನ ಹಸಿ ವಾಸನೆ ತೇಲಿಬಂದಿತು. ಅದು ಅದರ ಉಸಿರಿನ ವಾಸನೆಯೆಂದು ತಿಳಿದಾಗ ನನ್ನ ಮೈಮೇಲಿನ ರೋಮಗಳು ನಿಂತುವು. ನಾನು ಬಿಡುವ ಗಾಳಿಯನ್ನೇ ಅದೂ ಎಳೆದುಕೊಳ್ಳುತ್ತಿತ್ತು. ಕಡಲಿನಲ್ಲಿ ಬಾಳಿದರೂ ಅದು ಮೀನಲ್ಲ, ಮೊಲೆಯುಣಿಸುವ ತಾಯಿ, ನಮ್ಮ ಹಾಗೆಯೇ ಗಾಳಿಗಾಗಿ ಬಾಯಾರುವ ಜೀವ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಅಂದು ಕಿವಿಯಿಂದಲೂ ಮೂಗಿನಿಂದಲೂ ಅರಿತೆ.

ಒಟ್ಟು ಐದು ಇದ್ದುವು. ಅವುಗಳಲ್ಲೊಂದು ಮರಿ, ತಾಯಿಯ ಮಗ್ಗುಲಿಗೆ ಅಂಟಿಕೊಂಡು, ತಾಯಿ ಒಮ್ಮೆ ಉಸಿರಾಡುವಲ್ಲಿ ತಾನು ಎರಡು ಬಾರಿ ಉಸಿರಾಡುತ್ತ ಸಾಗಿತು. ಹತ್ತು ನಿಮಿಷ ಅವು ನೊರೆಯ ಗೆರೆಯುದ್ದಕ್ಕೂ ಮೀನು ಹಿಡಿದುವು. ನಾವು ಕದಲಲಿಲ್ಲ, ಸೆಳೆತವು ದೋಣಿಯನ್ನು ಕೊಂಡೊಯ್ದ ಕಡೆಗೆ ಹೋದೆವು. ನಮ್ಮಲ್ಲಿ ಹಿರಿಯರೊಬ್ಬರು, ಮಾತಿಲ್ಲದೆ ಒಂದು ಗಳಿಗೆ ಇರಲಾರದವರು, ಅಂದು ಆ ಹೊತ್ತಿನಲ್ಲಿ ಕಣ್ಣೊರಸಿಕೊಂಡುದನ್ನು ನೋಡಿದೆ. ಬಳಿಕ ಅವು ಕಾಳಿಯ ಒಳಕ್ಕೆ, ಭರತಿಯ ಜೊತೆಗೆ ಹೋದುವು. ಹಿಂಬಾಲಿಸೋಣವೆಂದು ಯಾರೂ ಹೇಳಲಿಲ್ಲ.

ಇವುಗಳಿಂದ ಬಲೆಗೆ ತೊಂದರೆಯಿಲ್ಲವೇ ಎಂದು ತಾಂಡೇಲರನ್ನು ಕೇಳಿದೆ. “ಉಂಟು. ಬಲೆ ಹರೀತಾವೆ, ಸಿಕ್ಕಿದ ಮೀನು ಕೀಳ್ತಾವೆ. ಬೈತೇವೆ. ಆದ್ರೆ ಬಲೆಯಲ್ಲಿ ಒಂದು ಸತ್ತು ಬಂತು ಅಂದ್ರೆ ಮನೇಲಿ ಅವತ್ತು ಊಟ ಸೇರೋದಿಲ್ಲ ಮಾಸ್ತರೇ.” ಬಲೆಯಲ್ಲಿ ಸಿಲುಕಿದ ಡಾಲ್ಫಿನ್ನು ಸಾಯುವುದು ಗಾಯದಿಂದಲ್ಲ, ಮೇಲಕ್ಕೆ ಬಂದು ಉಸಿರೆಳೆದುಕೊಳ್ಳಲಾರದೆ. ಮೀನುಗಾರರನ್ನು ದೂಷಿಸಿ ಮಾತಾಡುವವರು ಒಮ್ಮೆ ಇವರ ಲೆಕ್ಕವನ್ನೂ ಕೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಉಳಿದ ತಿಂಗಳುಗಳಲ್ಲಿಯೂ ಬಂಗಡೆ, ತಾರ್ಲೆಗಳು ಒಂದು ವರ್ಷ ರಾಶಿಯಾಗಿ ಬಂದರೆ ಮರುವರ್ಷ ಮುಖ ತೋರಿಸುವುದಿಲ್ಲ. ಅಂಥ ಬಾಳಿನಲ್ಲಿ ಮೀನು ಕೊಲ್ಲದೆಯೇ ಕಡಲಿನಿಂದ ದೊರೆಯುವ ಈ ಬಾಡಿಗೆಯ ಹಣವು ಸಣ್ಣ ಆಸರೆಯಲ್ಲ. ಪ್ರವಾಸಿಗಳೇ ಬೇಡವೆನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣದಿಂದ. ಡಾಲ್ಫಿನ್ನು ಬದುಕಿದ್ದರೆ ತನ್ನ ಮನೆಗೂ ಒಳ್ಳೆಯದೆಂದು ತಾಂಡೇಲನ ಮೊಮ್ಮಗನಿಗೆ ಅನಿಸಬೇಕು. ಆದರೆ ಅದನ್ನು ಬೆನ್ನಟ್ಟಿ ತೋರಿಸಿದರೆ ಮಾತ್ರ ಹಣವೆಂದು ನಾವು ಅವನಿಗೆ ಕಲಿಸಿದರೆ ತಪ್ಪು ಅವನದಲ್ಲ. ಹೇಗೆ ಸಾಗಬೇಕೆಂಬ ಅಪ್ಪಣೆ, ಇಷ್ಟವಿರಲಿ ಇಲ್ಲದಿರಲಿ, ಬಾಡಿಗೆ ಕೊಟ್ಟವನ ಬಾಯಲ್ಲಿದೆ. ಐವತ್ತು ಮೀಟರಿನಾಚೆಯೇ ನಿಲ್ಲಿ, ಎದುರಿನಿಂದಾಗಲಿ ಬೆನ್ನ ಹಿಂದಿನಿಂದಾಗಲಿ ಹೋಗದೆ ಮಗ್ಗುಲಿಗೆ ಇರಿ, ಕಾಲು ಗಂಟೆಯಾದ ಮೇಲೆ ಬಿಟ್ಟುಬಿಡಿ ಎಂದು ಹೊರಡುವ ಮೊದಲೇ ಹೇಳಿದರೆ ದೋಣಿಯವನಿಗೂ ಎಷ್ಟೋ ನಿರಾಳ. ಹತ್ತಿರಕ್ಕೆ ಬರುವುದಾದರೆ, ಅಂದು ನಮ್ಮ ಬಳಿಗೆ ಬಂದಂತೆ, ಅವೇ ಬರುತ್ತವೆ.

ಅಲ್ಲಿಂದ ಮುಂದೆ ಸಾಗಿ ಕೂರ್ಮಗಡದ ಪಶ್ಚಿಮದ ಬಂಡೆಗಳನ್ನು ಬಳಸುವಾಗ ಬಿಳಿಹೊಟ್ಟೆಯ ಕಡಲಹದ್ದನ್ನು ಕಂಡೆವು. ಎರಡು ಮೀಟರಿನಷ್ಟು ಹರವಿನ ಬೂದು ರೆಕ್ಕೆಗಳನ್ನು ಮೇಲಕ್ಕೆ ಓರೆಯಾಗಿ ಹಿಡಿದು, ಹಾಲಿನಂತಹ ಎದೆಯನ್ನು ಬಿಸಿಲಿಗೆ ಒಡ್ಡಿ, ಅದು ಬಂಡೆಯ ನೆರಳಿನ ಮೇಲೆ ಸುತ್ತುತ್ತಿತ್ತು. ಗರುಡಗಳೆರಡು ಅದನ್ನು ಕೆಣಕಿ ಬೇಸತ್ತು ಹೋದುವು. ಒಮ್ಮೆಗೇ ಕಾಲುಗಳನ್ನು ಮುಂದಕ್ಕೆ ಚಾಚಿ ನೀರನ್ನು ಸವರಿಕೊಂಡು ಮೇಲೆದ್ದಾಗ ಉಗುರುಗಳಲ್ಲಿ ಕಡಲಹಾವೊಂದು ಹಗ್ಗದಂತೆ ಸುರುಳಿಗೊಳ್ಳುತ್ತಿತ್ತು. ಹಾವಿನ ವಿಷವು ನಾಗರದ ವಿಷಕ್ಕೆ ಕಡಮೆಯದಲ್ಲ. ಹದ್ದಿಗೆ ಅದರ ಲಕ್ಷ್ಯವಿಲ್ಲ. ದ್ವೀಪದ ಎತ್ತರದ ಮರವೊಂದರ ಕವಲಿನಲ್ಲಿ ಕಟ್ಟಿಗೆಯ ದೊಡ್ಡ ಹೊರೆಯನ್ನೇ ಇಟ್ಟಂತೆ ಗೂಡಿತ್ತು. ಈ ಹಕ್ಕಿಗಳು ಬಾಳಿನುದ್ದಕ್ಕೂ ಒಂದೇ ಜೊತೆಯಾಗಿದ್ದು, ವರ್ಷ ವರ್ಷವೂ ಅದೇ ಗೂಡಿಗೆ ಹೊಸ ಕಟ್ಟಿಗೆ ಸೇರಿಸುತ್ತವೆ. ಗೂಡಿನ ಹತ್ತಿರ ಹೋಗಬೇಕೆಂದು ನಮ್ಮ ಗುಂಪಿನ ತರುಣನೊಬ್ಬ ಆಸೆಪಟ್ಟನು. ತಾಂಡೇಲರು ದೋಣಿಯನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿದರು.

ಮರಳುವಾಗ ಕಾಂಡ್ಲಾ ಗಿಡಗಳ ನಡುವಿನ ಕಿರಿದಾದ ಹೊಳೆಯೊಳಕ್ಕೆ ಹೋದೆವು. ದೊಡ್ಡ ದೋಣಿಗೆ ಅಲ್ಲಿ ದಾರಿಯಿಲ್ಲ. ಕೆಲವು ಗಿಡಗಳು ನೀರಿನಲ್ಲಿ ಊರುಗೋಲು ಊರಿ ನಿಂತಂತೆ ಬೇರು ಬಿಟ್ಟಿದ್ದುವು. ಇನ್ನು ಕೆಲವು ಕೆಸರಿನಿಂದ ಪೆನ್ಸಿಲಿನಂತಹ ಸಾವಿರಾರು ಉಸಿರುಬೇರುಗಳನ್ನು ಮೇಲಕ್ಕೆ ಚಾಚಿದ್ದುವು, ಏಕೆಂದರೆ ಆ ಕೆಸರಿನಲ್ಲಿ ಪ್ರಾಣವಾಯುವಿಲ್ಲ. ಗಿಡದಲ್ಲಿರುವಾಗಲೇ ಮೊಳೆತು ನೀಳವಾದ ಕಾಯಿಗಳು ಕೋಲಿನಂತೆ ಜೋತಾಡುತ್ತಿದ್ದುವು. ಮಿಂಚುಳ್ಳಿಯೊಂದು ದೋಣಿಗಿಂತ ಮುಂದೆ ಮುಂದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ದಾರಿ ತೋರಿಸಿತು. ದಡದ ಕೆಸರಿನಲ್ಲಿ ನೀರುನಾಯಿಗಳ ಹೆಜ್ಜೆಯ ಗುರುತುಗಳೂ, ತಿಂದುಳಿದ ಮೀನಿನ ಬೆಳ್ಳಿಯ ಪೊರೆಗಳೂ ಇದ್ದುವು. ನೀರುನಾಯಿಗಳು ಮಾತ್ರ ಕಾಣಲಿಲ್ಲ. ಕಾಣದಿದ್ದುದಕ್ಕೆ ಯಾರಿಗೂ ಕೊರತೆಯೆನಿಸಲಿಲ್ಲ. ಆ ಒದ್ದೆ ಹೆಜ್ಜೆಗಳ ಅಂಚು ಇನ್ನೂ ಕುಸಿದಿರಲಿಲ್ಲ. ನಾವು ಬರುವ ಸ್ವಲ್ಪ ಮುಂಚೆ ಅಲ್ಲಿ ಯಾರೋ ಇದ್ದರು.

ಒಂಬತ್ತೂವರೆಗೆ ಕೋಡಿಬಾಗದ ದಡ ಸೇರಿದಾಗ ಅಲ್ಲಿ ಮತ್ತೊಂದು ಕುಟುಂಬ ಕಾದಿತ್ತು: ಅಜ್ಜಿಯೊಬ್ಬರು, ಅವರ ಮಕ್ಕಳು ಸೊಸೆಯಂದಿರು, ಮೊಮ್ಮಕ್ಕಳು, ಒಟ್ಟು ಹನ್ನೊಂದು ಜನ. ಎಲ್ಲರೂ ಒಂದೇ ಸಲಕ್ಕೆ ಹೋಗುತ್ತೇವೆ, ಮಕ್ಕಳು ತೊಡೆಯ ಮೇಲೆ ಕೂರುತ್ತಾರೆ ಎಂದರು ಮನೆಯ ಯಜಮಾನರು. ತಾಂಡೇಲರು ಜೀವರಕ್ಷಕ ಅಂಗಿಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಇಟ್ಟು, ಎಣಿಸಿ, “ಎರಡು ಸರ್ತಿ ಹೋಗುವ ಅಣ್ಣಾ. ಮೊದ್ಲು ಅಜ್ಜಿ, ಮಕ್ಳು” ಎಂದರು. ಸ್ವಲ್ಪ ವಾದವಾಯಿತು, ಕೊನೆಗೆ ಐದು ಜನ ದಡದಲ್ಲಿ ಉಳಿದರು. ಅಜ್ಜಿಯನ್ನು ತಾಂಡೇಲರ ಮೊಮ್ಮಗನು ಕೈಹಿಡಿದು ದೋಣಿಯ ನಡುವಿನ ಹಲಗೆಯ ಮೇಲೆ ಕುಳ್ಳಿರಿಸಿದನು. ನಾವು ಚಹಾದ ಅಂಗಡಿಯ ಮುಂದೆ ನಿಂತು ಆ ದೋಣಿ ಹೋಗುವುದನ್ನು ನೋಡುತ್ತಿದ್ದೆವು. ಎಂಜಿನ್ನಿನ ಸದ್ದು ಕ್ಷೀಣವಾಗುತ್ತ, ನೊರೆಯ ಗೆರೆಯ ಬಳಿಗೆ ಹೋಗುವವರೆಗೂ ನಮಗೆ ಕೇಳಿಸುತ್ತಲೇ ಇತ್ತು. ಆಮೇಲೆ ನಿಂತಿತು.